ಎದೆಹಾಲಿನಿಂದ ಮಗುವಿನ ಹೊಟ್ಟೆಗೆ ಸಿಗುವ ಕಾವಲು

ಎದೆಹಾಲು ಕುಡಿದ ಮಕ್ಕಳಿಗೆ ವಾಂತಿ-ಭೇದಿ ಕಡಿಮೆ ಎಂಬುದು ಬರೀ ಅಜ್ಜಿಯರ ನಂಬಿಕೆಯಲ್ಲ. 1996–97ರಲ್ಲಿ ಬೆಲಾರಸ್ ದೇಶದ 31 ಹೆರಿಗೆ ಆಸ್ಪತ್ರೆಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ತಾಯಿ-ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಹಾಲುಣಿಸಬೇಡಿ ಎಂದು ಯಾವ ತಾಯಿಗೂ ಹೇಳುವಂತಿಲ್ಲವಲ್ಲ! ಹಾಗಾಗಿ ಚೀಟಿ ಎತ್ತುವ ಕ್ರಮದಲ್ಲಿ ಕೆಲವು ಆಸ್ಪತ್ರೆಗಳನ್ನು ಆರಿಸಿ, ಅಲ್ಲಿನ ತಾಯಂದಿರಿಗೆ ಹಾಲೂಡಿಸಲು ವಿಶೇಷ ನೆರವು ಕೊಟ್ಟರು. ಉಳಿದೆಡೆ ಎಂದಿನ ಆರೈಕೆ. ಮೊದಲ ವರ್ಷದಲ್ಲಿ ಹೊಟ್ಟೆ-ಕರುಳಿನ ಸೋಂಕು ತಗುಲಿದ್ದು ಎಂದಿನ ಆರೈಕೆಯ ಕಡೆ ಶೇ. 13.2 ಮಕ್ಕಳಿಗೆ, ನೆರವು ಸಿಕ್ಕ ಕಡೆ ಶೇ. 9.1 ಮಕ್ಕಳಿಗೆ. ನೀರು ಶುಚಿಯಿಲ್ಲದ ಕಡೆ ಈ ಲಾಭ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಬಾಟಲಿ, ನಿಪ್ಪಲ್, ಪುಡಿ ಕದಡುವ ನೀರು ಎಲ್ಲವೂ ರೋಗಾಣುವಿಗೆ ದಾರಿ.

ಕಾವಲು ಬರುವುದು ಎಲ್ಲಿಂದ? ತಾಯಿಯ ಕರುಳು ಎದುರಿಸಿದ ರೋಗಾಣುಗಳ ವಿರುದ್ಧ ತಯಾರಾಗುವ ಐಜಿಎ ಎಂಬ ಪ್ರತಿಕಾಯಗಳು ಹಾಲಿಗೂ ಇಳಿಯುತ್ತವೆ. ತಾಯಿ, ಮಗು ಇರುವುದು ಒಂದೇ ಮನೆಯಲ್ಲಿ. ಇಬ್ಬರನ್ನೂ ಕಾಡುವ ರೋಗಾಣುಗಳು ಬಹುಮಟ್ಟಿಗೆ ಅವೇ. ಹಳದಿ ಗಿಣ್ಣುಹಾಲಿನಲ್ಲಂತೂ ಇವು ದಟ್ಟವಾಗಿರುತ್ತವೆ. ಅದನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ, ದಯವಿಟ್ಟು ಚೆಲ್ಲಬೇಡಿ. ಇನ್ನೊಂದು ಸೋಜಿಗ: ಎದೆಹಾಲಿನಲ್ಲಿರುವ ಕೆಲವು ಸಕ್ಕರೆಗಳನ್ನು ಮಗು ಜೀರ್ಣಿಸಿಕೊಳ್ಳಲಾರದು. ಅವು ಕರುಳಿನ ಬೈಫಿಡೋ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ.

ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಈ ಹಾಲು ಇನ್ನೂ ಮುಖ್ಯ. ಕರುಳಿನ ಗೋಡೆಯೇ ಕೊಳೆಯುವ ಎನ್‌ಇಸಿ ಎಂಬ ಮಾರಕ ಕಾಯಿಲೆ ಅಂಥ ಮಕ್ಕಳನ್ನು ಹೆಚ್ಚು ಕಾಡುತ್ತದೆ, ಎದೆಹಾಲು ಅದರ ಅಪಾಯ ತಗ್ಗಿಸುತ್ತದೆ. ತಾಯಿಗೆ ಹಾಲು ಸಾಲದಿದ್ದರೆ ದಾನದ ಹಾಲು ಕೊಡಲೆಂದೇ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಂಥ ಕಡೆ ಎದೆಹಾಲಿನ ಬ್ಯಾಂಕ್ ಇದೆ.

ಆದರೆ ಎದೆಹಾಲಿಗೆ ಎಲ್ಲ ಶಕ್ತಿಯನ್ನೂ ಹೊರಿಸುವುದು ಸರಿಯಲ್ಲ. ಗೋಧಿಯ ಗ್ಲುಟೆನ್‌ನಿಂದ ಬರುವ ಸೀಲಿಯಾಕ್ ರೋಗವನ್ನು ಅದು ತಡೆಯುವುದಿಲ್ಲ ಎಂದು 2014ರ ಯುರೋಪಿನ ಅಧ್ಯಯನ ತೋರಿಸಿತು. ಕ್ರೋನ್ಸ್‌ನಂಥ ದೀರ್ಘಕಾಲದ ಕರುಳಿನ ಉರಿಯೂತ ಎದೆಹಾಲು ಕುಡಿದವರಲ್ಲಿ ಕಡಿಮೆ ಕಂಡರೂ, ಅದಕ್ಕೆ ಹಾಲೇ ಕಾರಣ ಎಂದು ಸಾಬೀತಾಗಿಲ್ಲ. ಮಗುವಿಗೆ ಇಂಥ ಕಾಯಿಲೆ ಬಂದರೆ ಬಾಣಂತನದ ಲೆಕ್ಕ ತೆಗೆದು ಸೊಸೆಯನ್ನು ದೂರುವುದು ಅನ್ಯಾಯ.

ಆರು ತಿಂಗಳವರೆಗೆ ಎದೆಹಾಲು ಮಾತ್ರ. ಬೇಸಿಗೆಯಲ್ಲೂ ನೀರು ಬೇಡ. ಬಜೆ, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ, ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬೇಡಿ. ವೈದ್ಯರು ಬರೆದುಕೊಟ್ಟ ಹನಿಗಳಿಗೆ ಅಡ್ಡಿಯಿಲ್ಲ. ಆರು ತಿಂಗಳಾದ ಮೇಲೆ ರಾಗಿ ಸರಿ, ಬೇಳೆ-ಅನ್ನದ ಜತೆ ಎರಡು ವರ್ಷದವರೆಗೆ, ಬೇಕಿದ್ದರೆ ಇನ್ನೂ ಮುಂದಕ್ಕೂ ಹಾಲೂಡಿಸಬಹುದು. 6, 10, 14ನೇ ವಾರದ ರೋಟಾವೈರಸ್ ಲಸಿಕೆ ಮಾತ್ರ ತಪ್ಪಬಾರದು. ಹಾಲು ಅದಕ್ಕೆ ಬದಲಿಯಲ್ಲ.

ಎದೆಹಾಲು ಕುಡಿಯುವ ಕೂಸು ದಿನಕ್ಕೆ ಹಲವು ಸಲ ತೆಳ್ಳಗೆ, ಹಳದಿಯಾಗಿ ಕಕ್ಕ ಮಾಡಿದರೆ ಅದು ಭೇದಿಯಲ್ಲ. ಇದ್ದಕ್ಕಿದ್ದಂತೆ ನೀರು ನೀರಾಗಿ ಹೆಚ್ಚು ಸಲ ಆದರೆ ಭೇದಿ. ಆಗಲೂ ಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಚಮಚ ಚಮಚವಾಗಿ ಕುಡಿಸಿ, ವೈದ್ಯರು ಹೇಳಿದಷ್ಟು ಜಿಂಕ್ ಅನ್ನು ಭೇದಿ ನಿಂತರೂ 14 ದಿನ ಕೊಡಿ. ಮಲದಲ್ಲಿ ರಕ್ತ, ಹಸಿರು ವಾಂತಿ, ಒಳಸೇರಿದ ಕಣ್ಣು, ಉಚ್ಚೆ ಕಡಿಮೆಯಾಗುವುದು, ಹಾಲು ಚೀಪದೆ ಮಂಕಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.