ಗಿಳಿ ತನ್ನ ಗರಿಯನ್ನು ತಾನೇ ಏಕೆ ಕಿತ್ತುಕೊಳ್ಳುತ್ತದೆ?

 

ಈ ತಿಂಗಳ ಗೋಡೆ ಪತ್ರಿಕೆಗೆ ಪ್ರಾಣಿ ಪಕ್ಷಿಗಳ ಬಗ್ಗೆ ಬರೆಯಿರಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ತುಂಬಾ ಜನ ಹುಲಿ, ಆನೆ, ನವಿಲು ಆರಿಸಿಕೊಂಡಿದ್ದಾರೆ. ನಾನು ಹುಲಿ ನೋಡಿಲ್ಲ. ನಾನು ದಿನಾ ನೋಡಿದ್ದು ನಮ್ಮ ಮನೆಯ ಗಿಳಿಯನ್ನು. ಅದಕ್ಕೆ ಬಂದ ಕಷ್ಟ, ಅದರಿಂದ ನಾನು ಕಲಿತ ಪಾಠ ಇಲ್ಲಿ ಬರೆದಿದ್ದೇನೆ.

ನಮ್ಮ ಮನೆಯ ಪುಟ್ಟ

ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಬಿರುಗಾಳಿ ಬಂದು ನಮ್ಮ ತೋಟದ ಒಣಗಿದ ತೆಂಗಿನ ಮರ ಮುರಿದು ಬಿತ್ತು. ಅದರ ಪೊಟರೆಯಲ್ಲಿ ಗಿಳಿ ಮರಿ ಇತ್ತು. ಅಪ್ಪ ಅದನ್ನು ಮನೆಗೆ ತಂದರು. ಅಜ್ಜಿ ರಾಗಿ ಅಂಬಲಿ ಕುಡಿಸಿ ಸಾಕಿದರು. ಪುಟ್ಟ ಎಂದು ಹೆಸರಿಟ್ಟರು. ಜಗುಲಿ ಮೇಲೆ ಪಂಜರ ತೂಗುಹಾಕಿದರು. ಅಜ್ಜಿ ಅವರೆಕಾಯಿ ಬಿಡಿಸುವಾಗ ಅದಕ್ಕೂ ಒಂದು ಕಾಯಿ ಕೊಡೋರು. ಅದು ಒಂದು ಕಾಲಿನಲ್ಲಿ ಕಾಯಿ ಹಿಡಿದು ತಾನೇ ಬಿಡಿಸಿಕೊಂಡು ತಿನ್ನೋದು. ಅಜ್ಜಿ ದಿನವಿಡೀ ಅದರ ಜೊತೆ ಮಾತಾಡೋರು. ಈ ವರ್ಷ ಅದರ ಕೊರಳಲ್ಲಿ ಕಪ್ಪು, ಗುಲಾಬಿ ಬಣ್ಣದ ಪಟ್ಟಿ ಮೂಡಿತು. ಹಾಗಾಗಿ ಅದು ಗಂಡು ಗಿಳಿ ಎಂದು ಗೊತ್ತಾಯಿತು. ಹೆಣ್ಣಿಗೆ ಈ ಪಟ್ಟಿ ಇರುವುದಿಲ್ಲ.

ಆಮೇಲೆ ಚಿಕ್ಕಮ್ಮನ ಬಾಣಂತನಕ್ಕೆ ಅಜ್ಜಿ ಮೂರು ತಿಂಗಳು ಊರಿಗೆ ಹೋದರು. ಹೋಗುವಾಗ ನನ್ನ ಕೈ ಹಿಡಿದು, "ಪುಟ್ಟನ್ನ ನಿನ್ ಕೈಗೆ ಕೊಟ್ಟಿವ್ನಿ ಕಣಪ್ಪಾ" ಅಂದರು. ನಾನು ಹೂಂ ಅಂದೆ.

ಒಂದು ದಿನ ಬೆಕ್ಕು ಪಂಜರಕ್ಕೆ ಕೈ ಹಾಕಿತು. ಅದಕ್ಕೆ ಅಪ್ಪ ಪಂಜರವನ್ನು ಅಡುಗೆಮನೆ ಪಕ್ಕದ ರಾಗಿ ಮೂಟೆ ಇಡುವ ಕೋಣೆಗೆ ಇಟ್ಟರು. ಅಲ್ಲಿ ಬಿಸಿಲು ಇಲ್ಲ, ಒಲೆ ಹೊಗೆ ಬರುತ್ತದೆ. ಪಕ್ಕದಲ್ಲೇ ಟಿ.ವಿ. ರಾತ್ರಿ ಹನ್ನೊಂದರವರೆಗೆ ಲೈಟು. ನಾನು ಬೆಳಿಗ್ಗೆ ಒಂದು ಹಿಡಿ ಸೂರ್ಯಕಾಂತಿ ಬೀಜ, ಒಂದು ಬಟ್ಟಲು ನೀರು ಇಟ್ಟು ಶಾಲೆಗೆ ಬರುತ್ತಿದ್ದೆ. ಸಂಜೆ ಕಬಡ್ಡಿ. ಹೀಗೇ ಒಂದು ತಿಂಗಳು ಕಳೆಯಿತು.

ಒಂದು ದಿನ ಪಂಜರದ ಕೆಳಗೆ ಹಸಿರು ಗರಿಗಳು ಬಿದ್ದಿದ್ದವು. ಮಾರನೇ ದಿನ ಇನ್ನೂ ಜಾಸ್ತಿ. ಒಂದು ವಾರದಲ್ಲಿ ಪುಟ್ಟನ ಎದೆ ಬೋಳಾಯಿತು. ಅದು ತಾನೇ ಕೊಕ್ಕಿನಿಂದ ಗರಿ ಕೀಳುವುದನ್ನು ನಾನು ಕಣ್ಣಾರೆ ಕಂಡೆ.

ನಾವು ಮಾಡಿದ ತಪ್ಪುಗಳು

ಒಬ್ಬರು ದೃಷ್ಟಿ ಆಗಿದೆ ಅಂದರು. ಒಬ್ಬರು ಹೇನು ಅಂದರು. ನಾವು ಬೇವಿನ ಎಣ್ಣೆಗೆ ಅರಿಶಿನ ಕಲಸಿ ಮೈಗೆ ಹಚ್ಚಿದೆವು. ಎಣ್ಣೆಯಾದ ಮೇಲೆ ಗರಿಗಳು ಒಂದಕ್ಕೊಂದು ಅಂಟಿಕೊಂಡವು. ಅದು ಚಳಿಗೆ ನಡುಗಿತು, ಇನ್ನೂ ಹೆಚ್ಚು ಕಿತ್ತುಕೊಂಡಿತು. ನಾನು "ಏಯ್, ಬಿಡೋ" ಅಂತ ಜೋರಾಗಿ ಗದರುತ್ತಿದ್ದೆ. ಆಮೇಲೆ ರಕ್ತ ಬಂತು. ಆಗ ನನಗೆ ಭಯವಾಯಿತು. ಅಜ್ಜಿಗೆ ಏನು ಹೇಳೋದು? ಭಾನುವಾರ ಅಪ್ಪನ ಜೊತೆ ಪಂಜರ ಹಿಡಿದುಕೊಂಡು ದನದ ಡಾಕ್ಟರ ಮನೆಗೆ ಹೋದೆ.

ಉದುರುವುದು ಬೇರೆ, ಕೀಳುವುದು ಬೇರೆ

ಡಾಕ್ಟರು ಔಷಧಿ ಕೊಡುವ ಮೊದಲು ಪ್ರಶ್ನೆ ಕೇಳಿದರು. "ಎದೆ ಬೋಳು, ರೆಕ್ಕೆ ಒಳಗೆ ಬೋಳು, ತೊಡೆ ಬೋಳು. ತಲೆ ಮೇಲಿನ ಗರಿ ಮಾತ್ರ ಒಂದೂ ಹೋಗಿಲ್ಲ. ಯಾಕೆ ಹೇಳು ನೋಡೋಣ?" ನನಗೆ ಗೊತ್ತಾಗಲಿಲ್ಲ. ಅವರೇ ಹೇಳಿದರು, "ಅದರ ಕೊಕ್ಕು ಅದರ ತಲೆಗೆ ಎಟುಕುವುದಿಲ್ಲ."

ಗೆಳೆಯರೇ, ನಿಮ್ಮ ಮೊಣಕೈಯನ್ನು ನೀವೇ ಕಚ್ಚಲು ನೋಡಿ. ಆಗುತ್ತಾ? ಹಂಗೇ ಇದು. ತಲೆಯ ಗರಿ ಚೆನ್ನಾಗಿದ್ದು ಮೈ ಮಾತ್ರ ಬೋಳಾಗಿದ್ದರೆ ಗಿಳಿ ತಾನೇ ಕೀಳುತ್ತಿರಬಹುದು. ತಲೆಯ ಗರಿಯೂ ಹೋಗಿದ್ದರೆ ಬೇರೆ ಗಿಳಿ ಕೀಳುತ್ತಿರಬಹುದು ಅಥವಾ ರೋಗ ಇರಬಹುದು. ಗರಿ ಮತ್ತು ಕೊಕ್ಕು ಎರಡನ್ನೂ ಕೆಡಿಸುವ ಒಂದು ವೈರಸ್ ರೋಗ ಗಿಳಿಗಳಿಗೆ ಬರುತ್ತದೆ. ಅದು ಒಂದರಿಂದ ಒಂದಕ್ಕೆ ಹರಡುತ್ತದೆ.

ಎಲ್ಲಾ ಹಕ್ಕಿಗಳೂ ಹಳೆ ಗರಿ ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತವೆ. ಅದು ರೋಗವಲ್ಲ. ಆಗ ಗರಿಗಳು ಸ್ವಲ್ಪ ಸ್ವಲ್ಪವಾಗಿ ಎರಡೂ ಬದಿಯಲ್ಲಿ ಉದುರುತ್ತವೆ, ಅಲ್ಲೇ ಮುಳ್ಳಿನಂತೆ ಹೊಸ ಗರಿ ಏಳುತ್ತದೆ, ಮೈ ಬೋಳಾಗುವುದಿಲ್ಲ.

ಗರಿ ಕೆರಾಟಿನ್ ಎಂಬ ವಸ್ತುವಿನಿಂದ ಆಗಿದೆ. ನಮ್ಮ ಉಗುರು, ಕೂದಲು ಕೂಡ ಅದರಿಂದಲೇ ಆಗಿವೆ. ಹಕ್ಕಿಯ ಮೈ ನಮ್ಮ ಮೈಗಿಂತ ಬಿಸಿ, ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್. ಆ ಶಾಖ ಹೊರಗೆ ಹೋಗದಂತೆ ಗರಿ ಕಂಬಳಿಯ ಹಾಗೆ ಕಾಪಾಡುತ್ತದೆ. ಪೂರ್ತಿ ಬೆಳೆದ ಗರಿಯಲ್ಲಿ ರಕ್ತ ಇರುವುದಿಲ್ಲ, ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತದೆ. ಪುಟ್ಟ ಅಂಥ ಎಳೆ ಗರಿ ಕಿತ್ತದ್ದರಿಂದ ರಕ್ತ ಬಂದಿತ್ತು. ಒಂದೇ ಜಾಗದಲ್ಲಿ ಪದೇ ಪದೇ ಕಿತ್ತರೆ ಚರ್ಮದಲ್ಲಿರುವ ಗರಿಯ ಬುಡವೇ ಹಾಳಾಗಿ, ಮತ್ತೆಂದೂ ಅಲ್ಲಿ ಗರಿ ಬರದೇ ಹೋಗಬಹುದು. ಆದ್ದರಿಂದ ತಡ ಮಾಡಬಾರದು.

ಕಾರಣಗಳು

ಗರಿ ಕೀಳುವುದು ಒಂದು ರೋಗದ ಹೆಸರಲ್ಲ, ಅದು ಗುರುತು. ಜ್ವರ ಬಂದರೆ ಯಾಕೆ ಬಂತು ಎಂದು ನೋಡುವ ಹಾಗೆ ಇದಕ್ಕೂ ಕಾರಣ ಹುಡುಕಬೇಕು.

ದೇಹದ ಕಾರಣಗಳು: ಚರ್ಮದ ಸೋಂಕು, ಹೇನು ಅಥವಾ ನುಸಿ, ಈಲಿಯ ತೊಂದರೆ, ಹೊಗೆ, ಸ್ನಾನವಿಲ್ಲದೆ ಒಣಗಿದ ಚರ್ಮ, ಸರಿಯಿಲ್ಲದ ಆಹಾರ. ಎಲ್ಲರೂ ಮೊದಲು ಹೇನು ಅಂತಾರೆ, ಆದರೆ ಮನೆಯೊಳಗೆ ಒಂಟಿಯಾಗಿರುವ ಗಿಳಿಯಲ್ಲಿ ಅದು ಅಪರೂಪ. ಸೂರ್ಯಕಾಂತಿ ಬೀಜದಲ್ಲಿ ಎಣ್ಣೆ ಹೆಚ್ಚು, ಎ ಜೀವಸತ್ವ ಮತ್ತು ಸುಣ್ಣದ ಅಂಶ ಬಹಳ ಕಡಿಮೆ. ಎ ಜೀವಸತ್ವ ಕಡಿಮೆಯಾದರೆ ಚರ್ಮ ಕೆಡುತ್ತದೆ.

ಮನಸ್ಸಿನ ಕಾರಣಗಳು: ಒಂಟಿತನ, ಬೇಸರ, ಹೆದರಿಕೆ, ನಿದ್ದೆಗೇಡು, ಇಕ್ಕಟ್ಟಾದ ಪಂಜರ. ಕಾಡಿನ ಗಿಳಿ ಗುಂಪಿನಲ್ಲಿ ಇರುತ್ತದೆ. ಹಾರುವುದು, ಆಹಾರ ಹುಡುಕುವುದು, ಸಿಪ್ಪೆ ಬಿಡಿಸುವುದು, ಜೊತೆಗಾರನ ತಲೆ ಕೆರೆಯುವುದು, ಇದರಲ್ಲೇ ಅದರ ದಿನ ಹೋಗುತ್ತದೆ. ಪಂಜರದಲ್ಲಿ ಬಟ್ಟಲಿನ ಕಾಳು ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಉಳಿದ ಹೊತ್ತು ಕೊಕ್ಕಿಗೆ ಏನು ಕೆಲಸ? ತನ್ನ ಗರಿಯೇ ಸಿಗುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಅಮೆಜಾನ್ ಗಿಳಿಗಳ ಮೇಲೆ ಮಾಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಕೆಲವು ಗಿಳಿಗಳಿಗೆ ಹುಡುಕಿ, ಅಗಿದು, ಬಿಡಿಸಿ ತಿನ್ನುವಂತೆ ಆಹಾರ ಇಟ್ಟರು, ಹತ್ತಿ ಆಡಲು ವಸ್ತುಗಳನ್ನೂ ಕೊಟ್ಟರು. ಇನ್ನು ಕೆಲವಕ್ಕೆ ಇದೇನೂ ಕೊಡಲಿಲ್ಲ. ಕೆಲಸ ಇದ್ದ ಗಿಳಿಗಳ ಗರಿ ಚೆನ್ನಾಗಿ ಉಳಿಯಿತು. ಕೆಲಸ ಇಲ್ಲದವುಗಳ ಗರಿ ಹಾಳಾಯಿತು. ಆಮೇಲೆ ಅವಕ್ಕೂ ಕೆಲಸ ಕೊಟ್ಟಾಗ ಅವುಗಳ ಗರಿಯೂ ಸುಧಾರಿಸಿತು. ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದ್ದು.

ಏನು ಮಾಡಬೇಕು?

ಡಾಕ್ಟರು ಗಾಯಕ್ಕೆ ಔಷಧಿ ಹಾಕಿದರು. ಉಳಿದ ಕೆಲಸ ನಮಗೆ ಹೇಳಿದರು. ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ.

1. ಮೊದಲು ಪಶುವೈದ್ಯರಿಗೆ ತೋರಿಸಬೇಕು. ರೋಗ ಇದೆಯೋ ಇಲ್ಲವೋ ಅವರೇ ಹೇಳಬೇಕು.
2. ಪಂಜರ ಬೆಳಕು, ಗಾಳಿ ಇರುವ ಕಡೆ ಇರಬೇಕು. ಒಂದು ಬದಿ ಗೋಡೆಗೆ ಒರಗಿರಲಿ, ಬೆನ್ನಿಗೆ ಆಸರೆ ಇದ್ದರೆ ಭಯ ಕಡಿಮೆ. ನೆರಳೂ ಸಿಗಬೇಕು. ಬೆಕ್ಕಿಗೆ ಎಟುಕಬಾರದು.
3. ರಾತ್ರಿ 10ರಿಂದ 12 ಗಂಟೆ ಕತ್ತಲು, ನಿಶ್ಶಬ್ದ ಬೇಕು.
4. ಬೀಜ ಕಡಿಮೆ ಮಾಡಿ ಸೊಪ್ಪು, ಕ್ಯಾರೆಟ್, ಪಪ್ಪಾಯಿ, ಸೀಬೆ, ಎಳೆ ಮುಸುಕಿನ ಜೋಳ, ಹಸಿಮೆಣಸಿನಕಾಯಿ ಕೊಡಬೇಕು. ಒಂದೇ ದಿನ ಬದಲಾಯಿಸಬಾರದು, ನಿಧಾನವಾಗಿ ಅಭ್ಯಾಸ ಮಾಡಿಸಬೇಕು.
5. ಬೆಳಿಗ್ಗೆ ಬಿಸಿಲು ಬಂದ ಮೇಲೆ ಅಗಲವಾದ ತಟ್ಟೆಯಲ್ಲಿ ನೀರಿಡಬೇಕು. ಗಿಳಿ ತಾನೇ ಸ್ನಾನ ಮಾಡುತ್ತದೆ.
6. ಕೊಕ್ಕಿಗೆ ಕೆಲಸ ಕೊಡಬೇಕು. ನಾನು ಸೀಬೆ ಕೊಂಬೆಯನ್ನು ತೊಗಟೆ ಸಮೇತ ಇಟ್ಟೆ. ತೆಂಗಿನ ಚಿಪ್ಪಿನಲ್ಲಿ ಕಾಳು ಹಾಕಿ ಮೇಲೆ ಜೋಳದ ಸಿಪ್ಪೆ ತುರುಕಿದೆ. ಮೊದಲ ದಿನ ಅದು ಹೆದರಿ ಮೂಲೆಗೆ ಹೋಯಿತು. ನಾಲ್ಕನೇ ದಿನ ಸಿಪ್ಪೆ ಎಳೆದು ಕಾಳು ತಿಂದಿತು.
7. ದಿನಾ ಒಂದೇ ಹೊತ್ತಿಗೆ ಹತ್ತಿರ ಕೂತು ಮಾತಾಡಬೇಕು. ನಾನು ಅಲ್ಲೇ ಕೂತು ಮಗ್ಗಿ ಓದುತ್ತಿದ್ದೆ.

ಏನು ಮಾಡಬಾರದು?

ಎಣ್ಣೆ, ಸೀಮೆಎಣ್ಣೆ, ಹೇನಿನ ಪುಡಿ ಹಚ್ಚಬಾರದು. ಕೀಳುವಾಗ ಕೂಗಿ ಗದರಬಾರದು. ಕಿತ್ತರೆ ಇವರು ನನ್ನ ಹತ್ತಿರ ಬರುತ್ತಾರೆ ಎಂದು ಅದು ಕಲಿತುಬಿಡುತ್ತದೆ. ಚಾಕೊಲೇಟ್, ಕಾಫಿ, ಟೀ, ಉಪ್ಪಿನ ತಿಂಡಿ, ಬೆಣ್ಣೆಹಣ್ಣು ಕೊಡಬಾರದು. ಬೆಣ್ಣೆಹಣ್ಣು ಗಿಳಿಗೆ ವಿಷ.

ನಿಮಗಿದು ಗೊತ್ತೇ? ಗಿಳಿಗೆ ಮೆಣಸಿನಕಾಯಿ ಖಾರ ಆಗುವುದಿಲ್ಲ! ನಮ್ಮ ಬಾಯಿ ಉರಿಸುವ ಅಂಶ ಹಕ್ಕಿಗಳಿಗೆ ಉರಿ ಮಾಡುವುದಿಲ್ಲ.

ಆಮೇಲೆ ಏನಾಯಿತು?

ಅಜ್ಜಿ ಬಂದಾಗ ನಾನು ಎಲ್ಲಾ ನಿಜ ಹೇಳಿದೆ. ಅವರು ಬೈಯಲಿಲ್ಲ, ಸುಮ್ಮನೆ ಪಂಜರದ ಹತ್ತಿರ ಕೂತರು. ಅದು ನನಗೆ ಬೈದದ್ದಕ್ಕಿಂತ ಜಾಸ್ತಿ ಆಯಿತು. ಎರಡು ತಿಂಗಳಲ್ಲಿ ಪುಟ್ಟನ ಎದೆ ಮೇಲೆ ಬೂದಿ ಬಣ್ಣದ ತುಪ್ಪುಳ ಬಂತು, ಆಮೇಲೆ ಹಸಿರು ಗರಿ ಬಂತು. ಎಡರೆಕ್ಕೆಯ ಕೆಳಗೆ ಒಂದು ಕಡೆ ಮಾತ್ರ ಬೋಳಾಗಿಯೇ ಉಳಿಯಿತು.

ಡಾಕ್ಟರು ಮೊದಲ ದಿನವೇ ಇನ್ನೊಂದು ಮಾತು ಹೇಳಿದ್ದರು. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಮಗೆ ಇದು ಗೊತ್ತೇ ಇರಲಿಲ್ಲ. ಹಾಗಂತ ಪಂಜರದ ಬಾಗಿಲು ತೆಗೆದು ಬಿಡಲೂಬಾರದು. ಕೈತುತ್ತು ತಿಂದು ಬೆಳೆದ ಗಿಳಿಗೆ ಆಹಾರ ಹುಡುಕಲು ಬಾರದು, ಬೆಕ್ಕು ಕಾಗೆಗಳಿಗೆ ಸಿಕ್ಕಿ ಸಾಯುತ್ತದೆ. ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಅಜ್ಜಿ ಒಪ್ಪಲಿಲ್ಲ. "ಇಷ್ಟು ಚೆಂದಾಗಿ ನೋಡ್ಕೊಂಡಿಲ್ವಾ ನಾವು?" ಅಂದರು. ನನಗೂ ಕೊಡಲು ಮನಸ್ಸಿರಲಿಲ್ಲ. ಆದರೆ ದಿನಾ ಸಂಜೆ ಗಿಳಿಗಳ ಹಿಂಡು ಕೀ ಕೀ ಎನ್ನುತ್ತಾ ಕೆರೆ ಕಡೆಗೆ ಹೋಗುತ್ತದಲ್ಲ, ಆಗ ಪುಟ್ಟ ತಿನ್ನುವುದನ್ನು ಬಿಟ್ಟು ಕಂಬಿ ಹತ್ತಿ ಕೂಗೋದು. ಹಿಂಡು ಮರೆಯಾದ ಮೇಲೂ ಕೂಗೋದು. ಒಂದು ಸಂಜೆ ಅಜ್ಜಿ ಅದನ್ನು ನೋಡುತ್ತಾ ನಿಂತಿದ್ದು, "ಅದರ ನೆಂಟರು ಕರೀತಾವ್ರೆ ಕಣಪ್ಪಾ. ನಾವೆಷ್ಟು ಮಾತಾಡಿದ್ರೂ ಅದರ ಮಾತು ನಮಗೆ ಬರಲ್ಲ" ಅಂದರು. ಮುಂದಿನ ವಾರ ಅಪ್ಪ ಅರಣ್ಯ ಇಲಾಖೆಯವರಿಗೆ ತಿಳಿಸಿದರು. ಬೇರೆ ಗಿಳಿಗಳ ಜೊತೆ ದೊಡ್ಡ ಪಂಜರದಲ್ಲಿ ಇಟ್ಟು ಹಾರುವುದು ಕಲಿಸುತ್ತೇವೆ ಎಂದು ಅವರು ಹೇಳಿ ತೆಗೆದುಕೊಂಡು ಹೋದರು. ಅಜ್ಜಿ ದಾರಿಗೆ ಅಂತ ಅವರೆಕಾಯಿ ಕಟ್ಟಿಕೊಟ್ಟರು.

ಉಪಸಂಹಾರ

ಗೆಳೆಯರೇ, ನಿಮ್ಮ ಮನೆಯಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಆಸ್ಟ್ರೇಲಿಯದ ಪುಟ್ಟ ಹಕ್ಕಿಗಳಿದ್ದರೆ ಅವಕ್ಕೂ ಮೇಲಿನ ಮಾತುಗಳು ಅನ್ವಯಿಸುತ್ತವೆ. ಅವಕ್ಕೂ ಜೊತೆ ಬೇಕು, ಕೆಲಸ ಬೇಕು, ನಿದ್ದೆ ಬೇಕು. ನೆಲಕ್ಕೆ ಬಿದ್ದ ಗಿಳಿ ಮರಿ ಸಿಕ್ಕಿದರೆ ಸಾಕಲು ತರಬೇಡಿ, ದೊಡ್ಡವರಿಗೆ ಹೇಳಿ ಅರಣ್ಯ ಇಲಾಖೆಗೆ ತಿಳಿಸಿ.

ಗಿಳಿ ಮಾತಾಡುತ್ತದೆ ಎಂದು ನಾವು ಹೇಳುತ್ತೇವೆ. ಆದರೆ ಅದು ನಾವು ಕಲಿಸಿದ್ದನ್ನು ಮಾತ್ರ ಆಡುತ್ತದೆ. "ನನಗೆ ಬೇಸರ, ನನಗೆ ಭಯ, ನನಗೆ ನಿದ್ದೆ ಇಲ್ಲ" ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಗರಿ ಕಿತ್ತು ಹಾಕುತ್ತದೆ. ಪಂಜರದ ಕೆಳಗೆ ಗರಿ ಬಿದ್ದಿದ್ದರೆ ಗುಡಿಸಿ ಎಸೆಯುವ ಮೊದಲು ಯಾಕೆ ಎಂದು ಕೇಳಿ.

ತಪ್ಪಿದ್ದರೆ ಕ್ಷಮಿಸಿ.

ಬರಹ: 7ನೇ ತರಗತಿಯ ವಿದ್ಯಾರ್ಥಿ, ಹಾಜರಿ ಸಂಖ್ಯೆ 14