ದಾಸರ ಕೈಯ ತಂಬೂರಿ

ವೀಣೆ, ಮೃದಂಗಗಳು ದೇವಾಲಯದಲ್ಲಿಯೂ ಅರಮನೆಯಲ್ಲಿಯೂ ಮೆರೆಯುತ್ತಿದ್ದ ವಿಜಯನಗರದ ಕಾಲದಲ್ಲಿ ಹರಿದಾಸರು ತಂಬೂರಿ, ಚಿಟಿಕೆ, ಗೆಜ್ಜೆಗಳನ್ನಷ್ಟೇ ಏಕೆ ಕೈಗೊಂಡರು? ಬಡತನವೇ ಕಾರಣವೆನ್ನುವಂತಿಲ್ಲ. ಪುರಂದರದಾಸರು (1484–1564) ದಾಸದೀಕ್ಷೆಗೆ ಮುನ್ನ ನವಕೋಟಿ ನಾರಾಯಣರೆನಿಸಿದ್ದ ಲೇವಾದೇವಿಗಾರರೆಂಬುದು ಪರಂಪರೆಯ ಮಾತು. ಒಂದು ಮೂಗುತಿಯಿಂದ ಆ ವ್ಯವಹಾರವೆಲ್ಲ ಕೊನೆಗೊಂಡ ಕಥೆ ಸರ್ವವಿದಿತ. ಲೆಕ್ಕದ ಪುಸ್ತಕ ಹಿಡಿದವರಿಗೆ ಅದು ಕೊಂಚ ಚುರುಕು ಮುಟ್ಟಿಸುವ ಕಥೆಯೂ ಹೌದು.

ಉತ್ತರವಿರುವುದು ದಾಸರ ನಡಿಗೆಯಲ್ಲಿ. ವ್ಯಾಸರಾಯರ ಶಿಷ್ಯರಾದ ಪುರಂದರದಾಸರು ಮಧುಕರವೃತ್ತಿಯನ್ನು ಹಿಡಿದರು. ದುಂಬಿಯು ಹೂವಿಗೆ ನೋವಾಗದಂತೆ ಮಧುವನ್ನು ಹೀರುವ ಹಾಗೆ, ಮನೆಯಿಂದ ಮನೆಗೆ ಹಾಡುತ್ತ ನಡೆದು, ಆ ದಿನಕ್ಕೆ ಸಾಲುವಷ್ಟನ್ನೇ ಗೋಪಾಳಬುಟ್ಟಿಯಲ್ಲಿ ಸ್ವೀಕರಿಸುವ ವ್ರತವದು. ವೀಣೆಗೆ ಕುಳಿತುಕೊಳ್ಳಲು ಎಡೆ ಬೇಕು. ಮೃದಂಗಕ್ಕೆ ಇನ್ನೊಬ್ಬರು ಬೇಕು. ದಾಸರ ತಂಬೂರಿಯಾದರೋ ಕಚೇರಿಯ ತಂಬೂರಿಗಿಂತ ಚಿಕ್ಕದು. ಹೆಗಲಿಗೊರಗಿಸಿ ಒಂದೇ ಕೈಯಿಂದ ಮೀಟುತ್ತ ನಡೆಯಬಹುದು. ಮತ್ತೊಂದು ಕೈಯಲ್ಲಿ ಚಿಟಿಕೆ. ಮಹಾರಾಷ್ಟ್ರದಲ್ಲಿ ಚಿಪಳಿಯೆನ್ನುವುದು ಇದನ್ನೇ: ಎರಡು ಮರದ ತುಂಡುಗಳು, ಅವುಗಳಲ್ಲಿ ಪುಟ್ಟ ಲೋಹದ ಬಿಲ್ಲೆಗಳು, ಬೆರಳು ಮಡಿಸಿ ಬಿಟ್ಟಂತೆಲ್ಲ ತಾಳ. ಕಾಲಲ್ಲಿ ಗೆಜ್ಜೆ, ಹೆಜ್ಜೆಯೇ ಲಯ. ಹೀಗೆ ಒಬ್ಬ ದಾಸನೇ ಒಂದು ಮೇಳ. ತಂತಿ ಮೀಟಿದವನಿಗೆ, ತಾಳ ತಟ್ಟಿದವನಿಗೆ, ಗೆಜ್ಜೆ ಕಟ್ಟಿದವನಿಗೆ ಪುರಂದರದಾಸರು ಒಂದು ಪದದಲ್ಲಿ ಬೇರೆ ಬೇರೆ ಫಲವನ್ನು ಹೇಳಿದ್ದಾರೆ. ವೀಣೆಯ ಹೆಸರು ಅಲ್ಲಿಲ್ಲ.

1565ರಲ್ಲಿ, ಪುರಂದರದಾಸರು ಹರಿಪಾದ ಸೇರಿದ ಮರುವರ್ಷವೇ, ವಿಜಯನಗರ ಹಾಳಾಯಿತು. ಅರಸನನ್ನು ನೆಚ್ಚಿದ್ದ ಕಲಾವಿದರು ಬೇರೆ ಆಸ್ಥಾನಗಳನ್ನು ಅರಸಬೇಕಾಯಿತು. ಗೃಹಸ್ಥರ ಬಾಗಿಲನ್ನು ನೆಚ್ಚಿದ್ದ ತಂಬೂರಿಗೆ ಆ ಅವಸ್ಥೆ ಬರಲಿಲ್ಲ. ವಿಜಯದಾಸರು (1682–1755), ಮಾನ್ವಿಯ ಜಗನ್ನಾಥದಾಸರು (1728–1809) ಅದನ್ನು ಮುಂದುವರಿಸಿದರು.

ಆದರೆ ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ತಂಬೂರಿಯು ಶ್ರುತಿಯನ್ನು ಕೊಡುತ್ತದೆ. ರಾಗದ ಜಾಡನ್ನು ಉಳಿಸಿಕೊಳ್ಳುವುದಿಲ್ಲ. ಬಾಯಿಂದ ಬಾಯಿಗೆ ಬಂದ ದೇವರನಾಮಗಳ ಸಾಹಿತ್ಯ ಉಳಿಯಿತು, ಮೂಲ ಧಾಟಿ ಬಹುಮಟ್ಟಿಗೆ ಮರೆಯಾಯಿತು. ಇಂದು ಒಂದೇ ಪದವನ್ನು ಊರಿಗೊಂದು ರಾಗದಲ್ಲಿ ಕೇಳುತ್ತೇವೆ. ಕೆಲವು ವಿದ್ವಾಂಸರು ಇದಕ್ಕಾಗಿ ಮರುಗುವುದುಂಟು, ಅಷ್ಟು ಮರುಗಬೇಕಾಗಿಲ್ಲ. ಧಾಟಿಯ ಕಟ್ಟಿಲ್ಲದ್ದರಿಂದಲೇ ದಾಸರ ಪದಗಳು ಚೆನ್ನೈಯಲ್ಲಿ ಎಂ. ಎಲ್. ವಸಂತಕುಮಾರಿಯವರ ಕಂಠದಲ್ಲಿ ಕರ್ನಾಟಕ ಸಂಗೀತವಾಗಿಯೂ, ಪುಣೆಯಲ್ಲಿ ನೆಲೆಸಿದ್ದ ಭೀಮಸೇನ ಜೋಶಿಯವರ ಕಂಠದಲ್ಲಿ ಹಿಂದೂಸ್ತಾನಿಯಾಗಿಯೂ ಹರಿದುಬಂದವು. ಎರಡು ಕಡೆಯೂ ಹಿಂದೆ ಮಿಡಿಯುತ್ತಿದ್ದುದು ತಂಬೂರಿಯೇ.