ಗೂಳಿಕಪ್ಪೆಗೊಂದು ನೀರು-ನೆಲದ ಮನೆ

ಗೆಳೆಯರೇ, ಮುಂಗಾರಿನ ಮೊದಲ ಜೋರು ಮಳೆ ಬಿದ್ದ ರಾತ್ರಿ ಗದ್ದೆ ಬಯಲಿನಿಂದ ಒಂದು ದಪ್ಪ ದನಿ ಕೇಳಿ ಬರುತ್ತೆ ಅಲ್ವಾ? ಅದೇ ಗೂಳಿಕಪ್ಪೆ. ಕೆಲವು ಕಡೆ ಗೋಂಕುರು ಕಪ್ಪೆ ಅಂತಲೂ ಕರೀತಾರೆ. ಹಳೆಯ ಜೀವಶಾಸ್ತ್ರ ಪುಸ್ತಕಗಳಲ್ಲಿ ಇದರ ಹೆಸರು ರಾನಾ ಟೈಗ್ರಿನಾ. ಈಗಿನ ಹೆಸರು ಹೊಪ್ಲೊಬ್ಯಾಟ್ರಾಕಸ್ ಟೈಗರಿನಸ್. ನಮ್ಮ ದೇಶದ ದೊಡ್ಡ ಕಪ್ಪೆಗಳಲ್ಲಿ ಇದೂ ಒಂದು. ಸುಮಾರು 15 ಸೆಂ.ಮೀ. ಉದ್ದ ಬೆಳೆಯುತ್ತದೆ. ಮಳೆ ಶುರುವಾದಾಗ ಗಂಡು ಕಪ್ಪೆ ಅರಿಶಿನ ಬಳಿದ ಹಾಗೆ ಹಳದಿಯಾಗಿ, ಗಂಟಲಿನ ಎರಡು ಚೀಲಗಳು ನೀಲಿಯಾಗುತ್ತವೆ.

ಇಷ್ಟು ಚೆಂದದ ಕಪ್ಪೆ ಕಂಡರೆ ಹಿಡಿದು ಬಕೆಟ್ಟಿನಲ್ಲಿ ಸಾಕೋಣ ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಇದು ಕಾಡುಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಇದರ ಹೆಸರಿದೆ. ಹಿಂದೆ ಕಪ್ಪೆಯ ಹಿಂಗಾಲುಗಳನ್ನು ಹೊರದೇಶಕ್ಕೆ ಮಾರಲು ಗದ್ದೆಗಳಿಂದ ಲೆಕ್ಕವಿಲ್ಲದಷ್ಟು ಕಪ್ಪೆಗಳನ್ನು ಹಿಡಿಯುತ್ತಿದ್ದರು. 1987ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಹಾಗಾಗಿ ನಾವು ಕಪ್ಪೆಯನ್ನು ಹಿಡಿದು ತರೋದು ಬೇಡ. ಶಾಲೆಯ ತೋಟದಲ್ಲಿ ಅದಕ್ಕೆ ಒಪ್ಪುವ ಮನೆ ಮಾಡಿಟ್ಟರೆ ಅದೇ ಬರುತ್ತೆ, ಬೇಕಾದಾಗ ಹೋಗುತ್ತೆ.

ನೀರೂ ಬೇಕು, ನೆಲವೂ ಬೇಕು ಯಾಕೆ?

ಕಪ್ಪೆ ಉಭಯವಾಸಿ. ಮೊಟ್ಟೆ ಇಡುವುದು ನೀರಿನಲ್ಲಿ. ಅದರಿಂದ ಬರುವ ಗೊದಮೊಟ್ಟೆ ಕಿವಿರುಗಳಿಂದ ಉಸಿರಾಡುತ್ತದೆ. ಬೆಳೆದ ಕಪ್ಪೆಗೆ ಶ್ವಾಸಕೋಶ ಇರುತ್ತದೆ. ಜೊತೆಗೆ ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಆದ್ದರಿಂದ ನೀರಿನಲ್ಲಿ ಸೋಪು, ಬ್ಲೀಚಿಂಗ್ ಪೌಡರ್, ಗೊಬ್ಬರ, ಕೀಟನಾಶಕ ಏನೇ ಸೇರಿದರೂ ಮೊದಲು ತೊಂದರೆ ಆಗುವುದು ಕಪ್ಪೆಗೆ. ಇನ್ನು ಬೇಸಿಗೆಯಲ್ಲಿ ನೀರು ಬತ್ತಿದಾಗ ಅದು ಮಣ್ಣೊಳಗೆ ಹೂತುಕೊಂಡು ಮಲಗುತ್ತದೆ. ಅದಕ್ಕೇ ಸಡಿಲ ನೆಲವೂ ಬೇಕು.

ಮಾಡುವ ವಿಧಾನ

1. ಜಾಗ: ಮಳೆನೀರು ತಾನಾಗಿ ಹರಿದು ಬರುವ ತಗ್ಗು ಜಾಗ ಒಳ್ಳೇದು. ಅರ್ಧ ಬಿಸಿಲು, ಅರ್ಧ ನೆರಳು ಇರಲಿ. ತರಗತಿ ಕೋಣೆ, ಶೌಚಾಲಯದ ದಾರಿಗಳಿಂದ ದೂರ ಇರಲಿ. ಊಟದ ತಟ್ಟೆ ತೊಳೆದ ನೀರು ಅಲ್ಲಿಗೆ ಬರಬಾರದು.

2. ಗುಂಡಿ: ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ಆಳ ಒಂದು ಅಡಿಗಿಂತ ಹೆಚ್ಚು ಬೇಡ, ಚಿಕ್ಕ ಮಕ್ಕಳು ಓಡಾಡುವ ಜಾಗ ಅದು. ಒಂದು ಕಡೆಯ ದಂಡೆ ತಟ್ಟೆಯ ಅಂಚಿನ ಹಾಗೆ ಇಳಿಜಾರಾಗಿರಲೇಬೇಕು. ಬಾಲ ಕರಗಿದ ಮರಿಕಪ್ಪೆ ಮೇಲೆ ಹತ್ತಲು ದಾರಿ ಇಲ್ಲದಿದ್ದರೆ ನೀರಿನಲ್ಲೇ ಸಾಯುತ್ತೆ. ನೆಟ್ಟಗಿನ ಗೋಡೆಯ ಸಿಮೆಂಟ್ ತೊಟ್ಟಿ ಇದಕ್ಕೇ ಆಗಿಬರೋದಿಲ್ಲ.

3. ತಳ: ಕೆರೆಯ ಜೇಡಿಮಣ್ಣನ್ನು ನಾಲ್ಕು ಬೆರಳು ದಪ್ಪ ಹಾಸಿ, ನೀರು ಚಿಮುಕಿಸಿ, ಚೆನ್ನಾಗಿ ತುಳಿದು ಬಡಿಯಬೇಕು. ಆಗ ನೀರು ಬೇಗ ಇಂಗೋದಿಲ್ಲ.

4. ನೀರು: ಮಳೆನೀರು ಎಲ್ಲಕ್ಕಿಂತ ಉತ್ತಮ. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಾದರೆ ಬಾಯಿ ತೆರೆದ ಡ್ರಮ್ಮಿನಲ್ಲಿ ಎರಡು ದಿನ ಬಿಸಿಲಿಗೆ ಇಟ್ಟು ಆಮೇಲೆ ಹಾಕಿ.

5. ನೆಲದ ಭಾಗ: ಇಳಿಜಾರಿನ ಪಕ್ಕ ಎರಡು ಅಡಿ ಅಗಲಕ್ಕೆ ಮಣ್ಣನ್ನು ಒಂದೂವರೆ ಅಡಿ ಆಳ ಸಡಿಲ ಮಾಡಿ, ತರಗೆಲೆ ಹಾಸಿ. ಒಡೆದ ಮಡಕೆಗಳನ್ನು ಅರ್ಧ ಹೂತು ಬೋರಲು ಹಾಕಿದರೆ ಹಗಲು ಅಡಗಲು ಗುಹೆ ಆಯ್ತು. ದಂಡೆಯಲ್ಲಿ ಕೆಸು, ಗರಿಕೆ ಬೆಳೆಸಿ. ಒಮ್ಮೆ ಸಡಿಲ ಮಾಡಿದ ಮೇಲೆ ಬೇಸಿಗೆಯಲ್ಲಿ ಅಲ್ಲಿ ಗುದ್ದಲಿ ಹಾಕಬೇಡಿ, ಕೆಳಗೆ ಕಪ್ಪೆ ಮಲಗಿರಬಹುದು.

6. ಬೇಲಿ: ಸುತ್ತ ಬಿದಿರಿನ ಬೇಲಿ ಕಟ್ಟಿ, ಕೆಳಗೆ ಅರ್ಧ ಗೇಣು ಸಂದು ಬಿಡಿ. ಈ ಬೇಲಿ ಇರೋದು ದನ, ನಾಯಿ, ಪುಟ್ಟ ಮಕ್ಕಳನ್ನು ತಡೆಯೋದಕ್ಕೆ, ಕಪ್ಪೆಯನ್ನು ಕೂಡಿಹಾಕೋದಕ್ಕಲ್ಲ.

ಆಹಾರ ಹಾಕಬೇಕೇ?

ಬೇಡ. ಗೂಳಿಕಪ್ಪೆ ಹುಳು, ಮಿಡತೆ, ಜೀರುಂಡೆ ತಿನ್ನುತ್ತೆ. ಸಣ್ಣ ಇಲಿ, ಬೇರೆ ಕಪ್ಪೆಗಳನ್ನೂ ಬಿಡುವುದಿಲ್ಲ! ಇದರ ಗೊದಮೊಟ್ಟೆಗಳು ಬೇರೆ ಗೊದಮೊಟ್ಟೆಗಳನ್ನು ತಿನ್ನುತ್ತವೆ. ಹಾಗಾಗಿ ಬೇರೆ ಊರಿನ ಕೆರೆಗೋ ತೋಟಕ್ಕೋ ಇದನ್ನು ಒಯ್ದು ಬಿಡಬಾರದು. ಅಂಡಮಾನ್ ದ್ವೀಪಗಳಲ್ಲಿ ಮೊದಲು ಈ ಕಪ್ಪೆ ಇರಲಿಲ್ಲ. ಮನುಷ್ಯರಿಂದ ಅಲ್ಲಿಗೆ ಸೇರಿದ ಮೇಲೆ ಹರಡಿಕೊಂಡು ಅಲ್ಲಿನ ಕಪ್ಪೆಗಳಿಗೇ ಕುತ್ತಾಗಿದೆ. ಗದ್ದೆಯ ಹುಳ ತಿನ್ನುವ ರೈತನ ಗೆಳೆಯ ತನ್ನದಲ್ಲದ ಜಾಗಕ್ಕೆ ಹೋದರೆ ಶತ್ರುವಾಗಬಹುದು, ನೋಡಿ.

ಎಚ್ಚರಿಕೆಗಳು

* ಕಪ್ಪೆ ಇದ್ದಲ್ಲಿಗೆ ಹಾವು ಬರಬಹುದು. ಮಡಕೆ ಸಂದಿಗೆ, ತರಗೆಲೆಗೆ ಕೈ ಹಾಕಬೇಡಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೋಗಬೇಡಿ.
* ಗುಂಡಿಯಲ್ಲಿ ಸೊಳ್ಳೆ ಮರಿ ಕಂಡರೆ ಜಾಲರಿಯಿಂದ ಸೋಸಿ ತೆಗೆಯಿರಿ. ಸೀಮೆಎಣ್ಣೆ ಹಾಕಬಾರದು. ಸೊಳ್ಳೆ ಮರಿ ತಿನ್ನುವ ಗಾಂಬೂಸಿಯಾ ಮೀನನ್ನೂ ಬಿಡಬಾರದು, ಅದು ಗೊದಮೊಟ್ಟೆಗಳನ್ನೂ ತಿನ್ನುತ್ತೆ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಒಣಗಲಿ.
* ಕಪ್ಪೆ ಉಚ್ಚೆ ಹೊಯ್ದರೆ ನರಹುಲಿ ಏಳುತ್ತೆ ಅನ್ನೋದು ಸುಳ್ಳು. ನರಹುಲಿ ಬರುವುದು ವೈರಸ್‌ನಿಂದ. ಆದರೂ ಕಪ್ಪೆಯನ್ನು ಮುಟ್ಟಬೇಡಿ. ಅಕಸ್ಮಾತ್ ಮುಟ್ಟಿದರೆ ಕೈ ತೊಳೆಯಿರಿ.
* ಕಲ್ಲು ಹೊಡೆಯುವವರನ್ನು ಕಂಡರೆ ಹೇಳಿ ಬಿಡಿಸಿ.

ಮೊದಲ ವರ್ಷವೇ ಕಪ್ಪೆ ಬಂದೇ ಬರುತ್ತೆ ಅಂತ ಹೇಳಲಾಗದು. ಸುತ್ತಲ ಗದ್ದೆಯಲ್ಲಿ ಕಪ್ಪೆ ಉಳಿದಿದ್ದರೆ ಮಾತ್ರ ನಮ್ಮ ಗುಂಡಿಗೂ ಬರುತ್ತೆ. ಬಾರದೇ ಹೋದರೆ ಯಾಕೆ ಅಂತ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಅದೂ ಒಂದು ಪಾಠವೇ.

ಉತ್ತರಿಸಿ ನೋಡೋಣ

1. ಗುಂಡಿಯ ಒಂದು ದಂಡೆ ಇಳಿಜಾರಾಗಿ ಇರಬೇಕು, ಯಾಕೆ?
2. ಸೋಪಿನ ನೀರು ಕಪ್ಪೆಗೆ ಹೇಗೆ ತೊಂದರೆ ಕೊಡುತ್ತದೆ?
3. ನಿಮ್ಮ ಮನೆ ಹತ್ತಿರ ಈ ವರ್ಷ ಗೂಳಿಕಪ್ಪೆಯ ಕೂಗು ಮೊದಲು ಕೇಳಿದ್ದು ಯಾವ ದಿನ? ದಿನಾಂಕ ಬರೆದು ವಿಜ್ಞಾನದ ಗುರುಗಳಿಗೆ ಕೊಡಿ.